ಆಯುಧಪೂಜೆಗೆ ಒರೆಸಿದ ಬೋರ್ಡು

ಅವನನ್ನು ಕಂಡರೆ ನನಗಾಗುತ್ತಿರಲಿಲ್ಲ. ಕಾರಣ ಕೇಳಿದರೆ ಈಗಲೂ ನಿಂತಲ್ಲೇ ಹತ್ತು ಹೇಳುತ್ತೇನೆ. ಲಿಫ್ಟಿನಲ್ಲಿ ಎಲ್ಲರಿಗೂ ಕೇಳಿಸುವಂತೆ ಫೋನಿನಲ್ಲಿ ಮಾತಾಡುತ್ತಿದ್ದ. ದೊಡ್ಡವರು ಚಿಕ್ಕವರು ನೋಡದೆ ಎಲ್ಲರನ್ನೂ ಗುರು ಎನ್ನುತ್ತಿದ್ದ. ನನಗೊಬ್ಬಳಿಗೆ ಮೇಡಂ ಎನ್ನುತ್ತಿದ್ದ. ಅದರಲ್ಲಿ ಮರ್ಯಾದೆಗಿಂತ ಕುಹಕವೇ ಹೆಚ್ಚು ಎಂದು ನಾನು ತೀರ್ಮಾನಿಸಿಬಿಟ್ಟಿದ್ದೆ. ಕ್ಯಾಂಟೀನಿನಲ್ಲಿ ನನ್ನ ಯಂತ್ರವನ್ನು ಅಜ್ಜಿ ಎಂದು ಕರೆದು ನಾಲ್ಕು ಜನರನ್ನು ನಗಿಸುತ್ತಿದ್ದ. ಉಳಿದದ್ದನ್ನೆಲ್ಲ ಬಿಟ್ಟರೂ ಇದೊಂದೇ ನನಗೆ ಸಾಕಾಗಿತ್ತು.

ನಾನು ಕೆಲಸ ಮಾಡುವುದು ಹೆಬ್ಬಾಳದ ಒಂದು ವಿಮಾ ಕಂಪನಿಯಲ್ಲಿ, ಮೇನ್‌ಫ್ರೇಮ್ ವಿಭಾಗದಲ್ಲಿ. ವಿಭಾಗ ಎಂದರೆ ನಾನು ಮತ್ತು ಇನ್ನಿಬ್ಬರು. ಬೀರುವಿನ ಗಾತ್ರದ ಕಪ್ಪು ಯಂತ್ರ ಎರಡನೆಯ ಮಹಡಿಯಲ್ಲಿ ಗಾಜಿನ ಗೋಡೆಯ ಹಿಂದೆ ತಣ್ಣಗೆ ನಿಂತಿರುತ್ತದೆ. ಅದರೊಳಗೆ ನಮ್ಮ ಕಂಪನಿಯ ಅರವತ್ತು ಚಿಲ್ಲರೆ ಸರ್ವರ್‌ಗಳು ಒಟ್ಟಿಗೆ ಬಾಳುತ್ತವೆ. ಆಸ್ಪತ್ರೆಗಳಿಂದ ಬರುವ ಅರ್ಜಿಗಳನ್ನು ಪರಿಶೀಲಿಸಿ ಮಂಜೂರು ಮಾಡುವ ಕ್ಲೇಮ್ ಸರ್ವರ್ ಅವುಗಳಲ್ಲೊಂದು. ಅದರ ಪ್ರೋಗ್ರಾಂ ಬರೆಯುವ ತಂಡಕ್ಕೆ ಅವನು ಮುಖ್ಯಸ್ಥ. ಯಂತ್ರವನ್ನು ತೆಗೆದು ಎಲ್ಲವನ್ನೂ ಕ್ಲೌಡಿಗೆ ಸಾಗಿಸಬೇಕು ಎಂದು ಅವನು ಮೇಲಿನವರಿಗೆ ವರ್ಷವಿಡೀ ಬರೆಯುತ್ತಿದ್ದ. ಯಂತ್ರ ಹೋದರೆ ನಾನೂ ಮನೆಗೆ ಹೋಗಬೇಕು ಎಂಬುದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಕೊನೆಗೆ ಉಳಿಯುವುದು ಅವನ ಕೆಲಸವೋ ನನ್ನ ಯಂತ್ರವೋ ಎನ್ನುವ ತನಕ ಜಗಳ ಬೆಳೆಯಿತು. ಯಂತ್ರ ಉಳಿಯಿತು. ಹೇಗೆ ಉಳಿಯಿತು ಎಂಬುದನ್ನು ಹೇಳಲು ಇದನ್ನು ಬರೆಯುತ್ತಿದ್ದೇನೆ.

ಮೊದಲು ನನ್ನ ಕೆಲಸ ಏನೆಂದು ಹೇಳಬೇಕು, ಇಲ್ಲದಿದ್ದರೆ ನನ್ನ ತಪ್ಪು ಎಷ್ಟು ದೊಡ್ಡದೆಂದು ಗೊತ್ತಾಗುವುದಿಲ್ಲ. ಅಟ್ಟೂರಿನಲ್ಲಿ ನಮ್ಮದು ಹಳೇ ಮನೆತನ. ಅಪ್ಪ ರಾಗಿ ಬೆಳೆಯುತ್ತಿದ್ದ ಜಮೀನಿನಲ್ಲಿ ಅಣ್ಣ ನಾಲ್ಕು ಅಂತಸ್ತಿನ ಬಾಡಿಗೆ ಮನೆಗಳನ್ನು ಕಟ್ಟಿಸಿದ್ದಾನೆ, ಕೆಳಗಿನ ಮನೆಗಳಲ್ಲಿ ನಾವಿದ್ದೇವೆ. ಟೆರೇಸಿನ ಮೇಲೆ ಎಲ್ಲರಿಗೂ ಸೇರಿ ಒಂದೇ ಟ್ಯಾಂಕು. ಆದರೆ ನಲ್ಲಿ ತಿರುಗಿಸಿದ ಬಾಡಿಗೆದಾರನಿಗೆ ಟ್ಯಾಂಕು ತನ್ನೊಬ್ಬನದೇ ಎಂದು ಅನಿಸುತ್ತದೆ. ಒಂದೊಂದು ಮನೆಯ ಪೈಪಿಗೂ ಮೇಲೆ ಒಂದು ವಾಲ್ವ್ ಇದೆ, ಅದನ್ನು ತಿರುಗಿಸುವ ಕೈ ಅಣ್ಣನದು. ಆಫೀಸಿನಲ್ಲಿ ಆ ಕೈ ನನ್ನದು.

ಯಂತ್ರದಲ್ಲಿ ಪ್ರೊಸೆಸರ್‌ಗಳಿರುವುದು ಬೆರಳೆಣಿಕೆಯಷ್ಟು. ಅರವತ್ತು ಸರ್ವರ್‌ಗಳಲ್ಲಿ ಪ್ರತಿಯೊಂದೂ ತಾನು ಸ್ವಂತ ಯಂತ್ರದ ಮೇಲೆ ಓಡುತ್ತಿದ್ದೇನೆ ಎಂದೇ ತಿಳಿದಿರುತ್ತದೆ. ನಡುವೆ ಕೂತ ಒಂದು ಪ್ರೋಗ್ರಾಂ ಕಣ್ಣು ಮಿಟುಕಿಸುವಷ್ಟರೊಳಗೆ ಹಲವು ಸರದಿ ಮಾಡಿ ಎಲ್ಲರಿಗೂ ಪ್ರೊಸೆಸರ್ ಹಂಚುತ್ತದೆ. ಯಾರಿಗೆ ಎಷ್ಟು ಎಂಬುದಕ್ಕೆ ನಾನು ಪ್ರತಿ ಸರ್ವರಿಗೂ ಒಂದು ಸಂಖ್ಯೆ ಕೊಟ್ಟಿರುತ್ತೇನೆ. ಸಾಮಾನ್ಯವಾಗಿ ಎಲ್ಲರಿಗೂ ನೂರು. ನೂರರ ಮೂರು ಸರ್ವರ್‌ಗಳು ಒಟ್ಟಿಗೆ ಹಸಿದು ಬಂದರೆ ಮೂರಕ್ಕೂ ಸಮಪಾಲು. ಒಂದಕ್ಕೆ ಇನ್ನೂರು ಕೊಟ್ಟರೆ ಅದಕ್ಕೆ ಅರ್ಧ, ಉಳಿದೆರಡಕ್ಕೆ ಕಾಲು ಕಾಲು. ಒಬ್ಬರು ಮಲಗಿದ್ದರೆ ಅವರ ಪಾಲು ಎದ್ದಿರುವವರಿಗೆ ಹೋಗುತ್ತದೆ, ಯಾವುದೂ ಹಳಸುವುದಿಲ್ಲ. ಇದರ ಮೇಲೆ ಇನ್ನೊಂದು ಉಪಾಯವಿದೆ, ಅದು ಮಿತಿ. ಮಿತಿ ಬಿಗಿದ ಸರ್ವರಿಗೆ ಇಡೀ ಯಂತ್ರ ಖಾಲಿ ಕೂತಿದ್ದರೂ ಹೇಳಿದ್ದಕ್ಕಿಂತ ಒಂದು ಚೂರೂ ಹೆಚ್ಚಿಗೆ ಸಿಗುವುದಿಲ್ಲ. ಅಪರೂಪಕ್ಕೆ ಬಳಸಬೇಕಾದ ಅಸ್ತ್ರ ಅದು.

ಎಲ್ಲ ವಿಭಾಗದವರೂ ಬಂದು ತಮ್ಮ ಸಂಖ್ಯೆ ಏರಿಸಿ ಎಂದು ಪೀಡಿಸುತ್ತಿದ್ದರು. ಒಂದು ಸಲ ತಲೆ ಕೆಟ್ಟು ಅರವತ್ತಕ್ಕೂ ನೂರಿದ್ದದ್ದನ್ನು ಇನ್ನೂರು ಮಾಡಿಬಿಟ್ಟೆ. ಎಲ್ಲರಿಗೂ ಒಟ್ಟಿಗೆ ಏರಿದರೆ ಯಾರ ಪಾಲೂ ಏರುವುದಿಲ್ಲ ಎಂದು ಒಬ್ಬನಿಗೂ ಹೊಳೆಯಲಿಲ್ಲ. ಈಗ ಬಹಳ ವೇಗವಾಗಿದೆ ಮೇಡಂ ಎಂದು ಹೊಗಳಿ ಬರೆದವರೂ ಇದ್ದರು. ಆ ಮೇಲ್‌ಗಳನ್ನು ಓದಿ ಒಬ್ಬಳೇ ನಕ್ಕಿದ್ದೇನೆ. ಅವನೊಬ್ಬ ಮಾತ್ರ ಮರುದಿನ ಕಾಫಿ ಲೋಟ ಹಿಡಿದು ನನ್ನ ಮೇಜಿನ ಹತ್ತಿರ ಬಂದ.

"ಮೇಡಂ, ಎಲ್ರಿಗೂ ಏರ್ಸಿದ್ರೆ ಯಾರಿಗೂ ಏರ್ಸಿದಂಗೆ ಆಗಲ್ಲ ಅಲ್ವಾ?"

"ನಿಮ್ ಪ್ರೋಗ್ರಾಂ ನೀವು ನೋಡ್ಕೊಳ್ರೀ," ಎಂದೆ.

ನನ್ನ ಮೈ ಉರಿದುಹೋಯಿತು. ದಡ್ಡನಾಗಿದ್ದರೆ ಅವನನ್ನು ಹೇಗೋ ಸಹಿಸಿಕೊಳ್ಳುತ್ತಿದ್ದೆ.

ದಸರೆಯ ಹಿಂದಿನ ಶನಿವಾರ ಅವನ ತಂಡ ಕ್ಲೇಮ್ ಸರ್ವರಿನಲ್ಲಿ ಏನೋ ಪರೀಕ್ಷೆ ನಡೆಸಿತು. ಪ್ರೋಗ್ರಾಂ ಎಲ್ಲೋ ಸುತ್ತು ಬಿದ್ದು ಒಂದೇ ಕೆಲಸವನ್ನು ಮತ್ತೆ ಮತ್ತೆ ಮಾಡತೊಡಗಿತು. ಬೇರೆ ಸರ್ವರ್‌ಗಳು ಏದುಸಿರು ಬಿಡುತ್ತಿದ್ದವು. ನಾನು ಯಲಹಂಕ ಸಂತೆ ಬೀದಿಯಲ್ಲಿ ಸೊಪ್ಪು ಆರಿಸುತ್ತಿದ್ದವಳು ಅಷ್ಟನ್ನೂ ಅಲ್ಲೇ ಬಿಟ್ಟು ಹೆಬ್ಬಾಳಕ್ಕೆ ಓಡಬೇಕಾಯಿತು. ಫ್ಲೈಓವರ್ ಮೇಲೆ ನಿಂತ ಮುಕ್ಕಾಲು ಗಂಟೆ ಅವನನ್ನು ಮನಸಾರೆ ಬೈದೆ. ಆಫೀಸಿಗೆ ಬಂದವಳೇ ಅವನ ಸರ್ವರಿಗೆ ಮಿತಿ ಬಿಗಿದೆ. ಇಡೀ ಯಂತ್ರದಲ್ಲಿ ನೂರಕ್ಕೆ ಐದು ಪಾಲು, ಅಷ್ಟೇ. ಹತ್ತು ಸಾಕಾಗುತ್ತಿತ್ತು. ಐದು ಕೊಟ್ಟದ್ದು ಸಿಟ್ಟಿಗೆ.

ಇಂಥ ಬದಲಾವಣೆಗೆ ಅರ್ಜಿ ಬರೆದು, ಮೂವರಿಂದ ಒಪ್ಪಿಗೆ ಪಡೆಯಬೇಕು. ತುರ್ತಿನಲ್ಲಿ ಅದಾಗುವುದಿಲ್ಲವೆಂದು ನಮ್ಮ ವಿಭಾಗದಲ್ಲಿ ಒಂದು ಅಡ್ಡದಾರಿ ಮಾಡಿಕೊಂಡಿದ್ದೆವು. ನನ್ನ ಮೇಜಿನ ಪಕ್ಕದ ಬಿಳಿ ಬೋರ್ಡಿನ ಮೇಲೆ ಬರೆಯುವುದು, ಸೋಮವಾರ ಬಂದ ತಕ್ಷಣ ಬೋರ್ಡು ನೋಡಿ ತಾತ್ಕಾಲಿಕವಾದದ್ದನ್ನೆಲ್ಲ ತೆಗೆಯುವುದು. ವರ್ಷಗಟ್ಟಲೆ ಹಾಗೇ ನಡೆದಿತ್ತು. ಆ ಶನಿವಾರವೂ ನೀಲಿ ಮಾರ್ಕರಿನಲ್ಲಿ ದಪ್ಪಗೆ ಬರೆದೆ: ಕ್ಲೇಮ್ ಸರ್ವರ್, ಮಿತಿ ಐದು, ಸೋಮವಾರ ತೆಗೆಯಬೇಕು.

ಸೋಮವಾರ ಆಫೀಸಿನಲ್ಲಿ ಆಯುಧಪೂಜೆ. ಬೇರೆಯವರೆಲ್ಲ ತಮ್ಮ ತಮ್ಮ ಕಂಪ್ಯೂಟರಿಗೆ ಅರಿಶಿನ ಕುಂಕುಮ ಹಚ್ಚಿ ಹೂವಿಡುತ್ತಾರೆ. ನನ್ನ ಯಂತ್ರಕ್ಕೆ ಆ ಭಾಗ್ಯವಿಲ್ಲ. ಅದರ ಕೋಣೆಗೆ ಕುಂಕುಮದ ಪುಡಿ ಒಯ್ಯುವಂತಿಲ್ಲ, ಊದುಬತ್ತಿಯ ಹೊಗೆ ತಾಗಿದರೆ ಅಲಾರಂ ಕೂಗುತ್ತದೆ. ಹಾಗಾಗಿ ಅದರ ಪರವಾಗಿ ಪೂಜೆ ಮಾಡಿಸಿಕೊಳ್ಳುವುದು ಆ ಬಿಳಿ ಬೋರ್ಡು. ಈ ಪದ್ಧತಿ ಶುರು ಮಾಡಿದವಳೂ ನಾನೇ. ರೇಷ್ಮೆ ಸೀರೆ ಉಟ್ಟು, ಮಲ್ಲಿಗೆ ಮುಡಿದು ಬಂದವಳು ಬ್ಯಾಗು ಇಡುವ ಮೊದಲೇ ಒದ್ದೆ ಬಟ್ಟೆ ಹಿಡಿದು ಬೋರ್ಡನ್ನು ಮೂಲೆಮೂಲೆಯೂ ಬಿಡದೆ ಒರೆಸಿದೆ. ನಡುವೆ ಶ್ರೀ ಬರೆದು, ಕುಂಕುಮವಿಟ್ಟು, ಸೇವಂತಿಗೆ ಹಾರವನ್ನು ಟೇಪು ಹಾಕಿ ಅಂಟಿಸಿದೆ. ಗೇಟಿನ ಹತ್ತಿರ ಬೂದುಗುಂಬಳಕಾಯಿ ಒಡೆದರು. ಕಡಲೆಪುರಿ, ಬೂಂದಿ ಹಂಚಿದರು. ಆಮೇಲೆ ಎರಡು ದಿನ ರಜೆ. ತಿರುಗಿ ಬಂದಾಗ ಬೋರ್ಡಿನ ಮೇಲೆ ಶ್ರೀ ಬಿಟ್ಟು ಇನ್ನೇನೂ ಇರಲಿಲ್ಲ, ನನ್ನ ತಲೆಯಲ್ಲೂ ಇರಲಿಲ್ಲ.

ಪರೀಕ್ಷೆಯಲ್ಲಿ ಬಿದ್ದಿದ್ದ ಸುತ್ತನ್ನು ಅವನ ತಂಡ ಭಾನುವಾರವೇ ಸರಿಪಡಿಸಿತ್ತು. ಆದರೂ ಅದೇ ವಾರದಿಂದ ಕ್ಲೇಮ್ ಮಂಜೂರಾತಿ ಕುಂಟತೊಡಗಿತು. ಬೆಳಿಗ್ಗೆ ಡಿಸ್ಚಾರ್ಜ್ ಬರೆಸಿಕೊಂಡ ರೋಗಿಗಳು ಸಂಜೆಯವರೆಗೂ ಆಸ್ಪತ್ರೆಯ ಬೆಂಚಿನ ಮೇಲೆ ಕೂತಿರುತ್ತಿದ್ದರು. ಬೈಗುಳವೆಲ್ಲ ಅವನ ತಂಡಕ್ಕೆ. ಅವನು ಸರ್ವರನ್ನು ಒಳಗಿನಿಂದ ಎಷ್ಟು ಸಲ ನಿಲ್ಲಿಸಿ ಶುರು ಮಾಡಿದರೂ ಪ್ರಯೋಜನವಾಗಲಿಲ್ಲ. ಹೊರಗಿನಿಂದ ನಾನು ಬಿಗಿದದ್ದು ಒಳಗಿನವರಿಗೆ ಕಾಣುವುದೂ ಇಲ್ಲ, ಅವರ ಕೈಗೆ ಸಿಗುವುದೂ ಇಲ್ಲ. ಅವರಿಗೆ ಕಾಣುವುದು ಒಂದೇ: ಪ್ರೊಸೆಸರಿಗಾಗಿ ಕೈಚಾಚಿ ಕಾಯ್ದು ಕಳೆದ ಹೊತ್ತು ಎಷ್ಟು ಎಂಬ ಸಾಲು. ಅದನ್ನು ತೋರಿಸಲು ಲ್ಯಾಪ್‌ಟಾಪ್ ಹಿಡಿದುಕೊಂಡು ಬಂದ. ಮುಖ ಬಾಡಿತ್ತು, ಗಡ್ಡ ಬಂದಿತ್ತು. ನನಗೆ ಕನಿಕರ ಹುಟ್ಟಲಿಲ್ಲ.

"ಮೇಡಂ, ನಮ್ ಸರ್ವರ್ ಬರೀ ಕಾಯ್ತಾನೇ ಇದೆ. ನಿಮ್ ಕಡೆಯಿಂದ ಲಿಮಿಟ್ ಗಿಮಿಟ್ ಏನಾದ್ರೂ ಇದೆಯಾ, ಒಂದ್ಸಲ ನೋಡ್ತೀರಾ?"

"ಇಪ್ಪತ್ ವರ್ಷದಿಂದ ಮಾಡ್ತಿದೀನಿ ಈ ಕೆಲ್ಸ. ನಂಗೇ ಪಾಠ ಹೇಳ್ಬೇಡಿ."

"ಪಾಠ ಅಲ್ಲ ಮೇಡಂ. ಒಂದ್ ಕಮಾಂಡ್ ಅಷ್ಟೇ."

"ನಿಮ್ ಕೋಡ್ ನೆಟ್ಟಗೆ ಬರೀರಿ ಮೊದ್ಲು. ಅಜ್ಜಿಗೆ ಹುಷಾರಿಲ್ಲ ಅಂತ ಎಲ್ರ ಹತ್ರಾನೂ ಹೇಳ್ಕೊಂಡ್ ತಿರುಗ್ತಿದೀರಲ್ಲ, ಈಗ ಅಜ್ಜಿ ಹತ್ರಾನೇ ಬಂದ್ರಾ?"

ಅವನು ಲ್ಯಾಪ್‌ಟಾಪ್ ಮಡಚಿ ಹೊರಟುಹೋದ. ಆ ಒಂದು ಕಮಾಂಡ್ ಹೊಡೆಯಲು ಹತ್ತು ಸೆಕೆಂಡು ಸಾಕಿತ್ತು. ಅವನು ಕೇಳಿದ ಎನ್ನುವ ಒಂದೇ ಕಾರಣಕ್ಕೆ ಹೊಡೆಯಲಿಲ್ಲ.

ದೀಪಾವಳಿ ಮುಗಿದ ಮೇಲೆ ನಮ್ಮ ಮೇಲಧಿಕಾರಿ ಸಭೆ ಕರೆದರು. ಉದ್ದನೆಯ ಮೇಜಿನ ಸುತ್ತ ನನ್ನನ್ನು ಬಿಟ್ಟು ಹನ್ನೊಂದು ಜನ. ತಪ್ಪು ಪ್ರೋಗ್ರಾಮಿನದೋ ಯಂತ್ರದ್ದೋ ಇವತ್ತು ಇತ್ಯರ್ಥವಾಗಬೇಕು ಎಂದರು. ಪ್ರೋಗ್ರಾಮಿನದಾದರೆ ಅವನು ಜವಾಬ್ದಾರ, ಯಂತ್ರದ್ದಾದರೆ ಯಂತ್ರವನ್ನು ತೆಗೆಯುವ ಮಾತು. ಅವನು ನನ್ನ ಎದುರಿನ ಕುರ್ಚಿಯಲ್ಲಿದ್ದ. ನಾನು ಗೋಡೆಯ ಪರದೆಯ ಮೇಲೆ ನನ್ನ ಚಿತ್ರ ಹಾಕಿದೆ. ಯಂತ್ರದ ಪ್ರೊಸೆಸರ್‌ಗಳು ಅರ್ಧಕ್ಕರ್ಧ ಹೊತ್ತು ಕೆಲಸವಿಲ್ಲದೆ ಕೂತಿದ್ದವು. ಅದೇ ಹೊತ್ತಿನಲ್ಲಿ ಕ್ಲೇಮ್ ಸರ್ವರ್ ತೆವಳುತ್ತಿತ್ತು.

"ಅನ್ನ ಪಾತ್ರೆ ತುಂಬಾ ಇದೆ. ಉಣ್ಣೋಕೆ ಬರ್ದೇ ಇದ್ರೆ ಅಡುಗೆಯವಳು ಏನ್ ಮಾಡ್ಬೇಕು, ನೀವೇ ಹೇಳಿ," ಎಂದೆ.

ಎಲ್ಲರೂ ನಕ್ಕರು. ಅವನ ಕುತ್ತಿಗೆ ಕೆಂಪಾಗಿತ್ತು. ನನಗೆ ಖುಷಿಯಾಯಿತು, ಅದನ್ನು ಮುಚ್ಚಿಡುವುದಿಲ್ಲ. ಆ ದಿನ ಮನೆಗೆ ಹೋಗುವಾಗ ಯಲಹಂಕದಲ್ಲಿ ಬಸ್ಸಿಳಿದು ಮೈಸೂರ್‌ಪಾಕ್ ಕೊಂಡೆ. ತಿಂಗಳು ಮುಗಿಯುವುದರೊಳಗೆ ಅವನಿಂದ ರಾಜೀನಾಮೆ ಬರೆಸಿಕೊಂಡರು. ಕೊನೆಯ ದಿನ ಒಂದು ಪ್ಲಾಸ್ಟಿಕ್ ಕವರಿನಲ್ಲಿ ತನ್ನ ಕಾಫಿ ಲೋಟ, ಚಾರ್ಜರು ಹಾಕಿಕೊಂಡು ನನ್ನ ಮೇಜಿನ ಮುಂದೆಯೇ ನಡೆದುಹೋದ. ನಾನು ತಲೆ ಎತ್ತಲಿಲ್ಲ.

ಅವನ ಜಾಗಕ್ಕೆ ಬಂದ ಹೆಂಗಸು ಸಂಕ್ರಾಂತಿ ಕಳೆದ ವಾರ ನನ್ನ ಹತ್ತಿರ ಬಂದರು. ಸಂಭಾವಿತರು. ಪ್ರೋಗ್ರಾಮನ್ನು ಪೂರ್ತಿ ತಿದ್ದಿ ಬರೆದರೂ ನಿಧಾನವೇ ಆಗುತ್ತಿದೆ, ನಮ್ಮ ಸಂಖ್ಯೆಯನ್ನು ಸ್ವಲ್ಪ ಏರಿಸಿಕೊಡಿ ಎಂದು ನಗುತ್ತಾ ಕೇಳಿದರು. ಅವರ ಮೇಲೆ ನನಗೆ ಸಿಟ್ಟಿರಲಿಲ್ಲವಾದ್ದರಿಂದ ಅವರ ಎದುರೇ ಆ ಕಮಾಂಡ್ ಹೊಡೆದೆ. ಪರದೆಯ ಮೇಲೆ ಒಂದೇ ಸಾಲು ಬಂತು. ಪಾಲು ಇನ್ನೂರು. ಪಕ್ಕದಲ್ಲಿ ಮಿತಿ, ನೂರಕ್ಕೆ ಐದು.

"ಏನಾಯ್ತು ಮೇಡಂ?" ಎಂದು ಅವರು ಕೇಳಿದರು. ಸಂಜೆ ನೋಡಿ ಹೇಳುತ್ತೇನೆ ಎಂದು ಕಳಿಸಿದೆ.

ಇನ್ನಿಬ್ಬರಲ್ಲಿ ಯಾರಾದರೂ ಹಾಕಿರಬೇಕು ಎಂದು ಮೊದಲು ಮನಸ್ಸು ಜಾರಿಕೊಳ್ಳಲು ನೋಡಿತು. ಫೋನಿನಲ್ಲಿ ಆಯುಧಪೂಜೆಯ ಫೋಟೋಗಳಿದ್ದವು. ಬೋರ್ಡು ಒರೆಸುವ ಮೊದಲು ಯಾರೋ ನನ್ನ ಸೀರೆ ಚೆನ್ನಾಗಿದೆ ಎಂದು ತೆಗೆದು ಕಳಿಸಿದ್ದ ಒಂದು ಫೋಟೋ ಸಿಕ್ಕಿತು. ಕೈಯಲ್ಲಿ ಒದ್ದೆ ಬಟ್ಟೆ ಹಿಡಿದು ಹಲ್ಲು ಕಿಸಿಯುತ್ತಾ ನಿಂತಿದ್ದೇನೆ. ಹಿಂದೆ ನನ್ನದೇ ದಪ್ಪ ನೀಲಿ ಅಕ್ಷರಗಳು: ಸೋಮವಾರ ತೆಗೆಯಬೇಕು.

ಯಂತ್ರ ಬಿಡುವಾಗಿದ್ದೂ ಒಂದು ಸರ್ವರ್ ಹಸಿದು ಕೂತಿದ್ದರೆ ಯಾರೋ ಅದಕ್ಕೆ ಮಿತಿ ಬಿಗಿದಿದ್ದಾರಾ ಎಂದು ಮೊದಲು ನೋಡಿ. ಹೊಸದಾಗಿ ಸೇರಿದವರಿಗೆ ಮೊದಲ ವಾರವೇ ನಾನು ಹೇಳಿಕೊಡುವ ಪಾಠ ಇದು. ಸಭೆಯಲ್ಲಿ ನಾನು ಹಾಕಿದ ಚಿತ್ರವೇ ನನ್ನ ತಪ್ಪಿಗೆ ಸಾಕ್ಷಿಯಾಗಿತ್ತು. ಹನ್ನೊಂದು ಜನರ ಮುಂದೆ ಅದನ್ನು ನಾನೇ ಎತ್ತಿ ತೋರಿಸಿ, ಬೇರೆಯವನ ಕುತ್ತಿಗೆಗೆ ಕಟ್ಟಿದ್ದೆ. ಮಿತಿ ತೆಗೆದೆ. ಒಂದು ಗಂಟೆಯಲ್ಲಿ ಬಾಕಿಯಿದ್ದ ಅರ್ಜಿಗಳೆಲ್ಲ ಮುಗಿದವು. ಆ ಹೆಂಗಸಿಗೆ ಎಲ್ಲರೂ ಚಪ್ಪಾಳೆ ತಟ್ಟಿದರು. ಅವರು ಚೆನ್ನಾಗಿ ತಿದ್ದಿದ್ದಾರೆ ಎಂದು ಮೇಲಧಿಕಾರಿಗಳು ಎಲ್ಲರಿಗೂ ಬರೆದರು. ನಾನು ಬಾಯಿಗೆ ಬೀಗ ಹಾಕಿಕೊಂಡು ಕೂತೆ.

ಮೂರು ದಿನ ಹಾಗೇ ಕೂತಿದ್ದೆ. ನಾಲ್ಕನೆಯ ದಿನ ಅಣ್ಣ ಟೆರೇಸಿನಿಂದ ವಾಲ್ವ್ ತಿರುಗಿಸಿ ಇಳಿದು ಬಂದವನು ನನ್ನನ್ನು ನೋಡಿ ನಿಂತ.

"ಏನಮ್ಮಿ, ಇಂಗೆ ಮುಖ ಊದಿಸ್ಕೊಂಡ್ ಕುಂತಿದೀಯ? ಮೂರ್ ದಿನದಿಂದ ನೋಡ್ತಾವ್ನಿ."

ಎಲ್ಲವನ್ನೂ ಹೇಳಿದೆ. ಅವನಿಗೆ ಯಂತ್ರದ ವಿಷಯ ಅರ್ಥವಾಯಿತೋ ಇಲ್ಲವೋ, ಉಳಿದದ್ದು ಅರ್ಥವಾಯಿತು.

"ಅವನ್ ಮನೆಗ್ ಓಗಿ ಬಾಯ್ಬಿಟ್ ಏಳು. ಕೆಲ್ಸ ಕಳೆದ್‌ಬಿಟ್ಟು ಇಲ್ಲಿ ಕುಂತ್ಕಂಡ್ ಅಳೋದ್ಯಾಕೆ?"

"ಅವ್ನ ಕಂಡ್ರೆ ನಂಗಾಗಲ್ಲ ಕಣಣ್ಣ."

"ಆಗ್ದೇ ಇರೋನಿಗೆ ತಪ್ಪು ಮಾಡುದ್ರೆ ಅದು ತಪ್ಪಲ್ವಾ?" ಎಂದು ಒಳಗೆ ಹೋದ.

ಭಾನುವಾರ ಥಣಿಸಂದ್ರಕ್ಕೆ ಹೋದೆ. ಅವನ ಅಪಾರ್ಟ್‌ಮೆಂಟಿನ ಗೇಟಿನಲ್ಲಿ ಸೆಕ್ಯೂರಿಟಿಯವನು ಫೋನಿನಲ್ಲಿ ನನ್ನ ಫೋಟೋ ತೆಗೆದು ಅವನ ಒಪ್ಪಿಗೆಗೆ ಕಳಿಸಿದ. ಉತ್ತರ ಬರಲಿಲ್ಲ. ಬಿಸಿಲಿನಲ್ಲಿ ನಿಂತೆ. ಊಟ ತಲುಪಿಸುವವರು, ಹಾಲಿನವರು ಒಬ್ಬೊಬ್ಬರಾಗಿ ಒಳಗೆ ಹೋದರು. ಮನೆಯಲ್ಲೇ ಇದ್ದುಕೊಂಡು ಬೇಕೆಂದೇ ನಿಲ್ಲಿಸಿದ್ದಾನೆ ಎಂದು ಗೊತ್ತಾಗಿ ತಿರುಗಿ ಹೋಗಿಬಿಡೋಣ ಎನಿಸಿತು. ಇಪ್ಪತ್ತು ನಿಮಿಷಕ್ಕೆ ಒಪ್ಪಿಗೆ ಬಂತು.

ಬಾಗಿಲು ತೆರೆದ. ಒಳಗೆ ಬನ್ನಿ ಎನ್ನಲಿಲ್ಲ. ಬಾಗಿಲ ಚೌಕಟ್ಟಿಗೆ ಒಂದು ಕೈ ಕೊಟ್ಟು ದಾರಿಗೆ ಅಡ್ಡವಾಗಿಯೇ ನಿಂತ. ನಾನು ಹೊಸಿಲಿನ ಆಚೆಯಿಂದ ಶನಿವಾರ, ಮಿತಿ, ಬೋರ್ಡು, ಪೂಜೆ ಎಲ್ಲವನ್ನೂ ಹೇಳಿದೆ. ತಪ್ಪು ನನ್ನದು, ನಿಮ್ಮ ಪ್ರೋಗ್ರಾಂ ಸರಿಯಾಗಿತ್ತು ಎಂದೂ ಹೇಳಿದೆ.

"ನಾನ್ ಕೇಳಿದ್ದೆ ಮೇಡಂ," ಎಂದ. "ಒಂದ್ ಕಮಾಂಡ್ ಅಂತ."

"ಕೇಳಿದ್ರಿ."

"ಹೊಸ ಕೆಲ್ಸಕ್ಕೆ ಹೋದ್ ಕಡೆಯೆಲ್ಲಾ ಯಾಕ್ ಬಿಟ್ರಿ ಅಂತ ಕೇಳ್ತಾರೆ. ನಾನೇನ್ ಹೇಳ್ಲಿ? ನಿಜವಾಗ್ಲೂ ನನ್ ಕೋಡೇ ಸರಿಯಿಲ್ವೇನೋ ಅಂತ ದಿನಾ ಕೂತು ಓದಿದೀನಿ. ಎರಡ್ ತಿಂಗ್ಳು."

ನಾನು ಏನೋ ಹೇಳಲು ಹೋದೆ. ಅವನು ಕೈ ಅಡ್ಡ ತಂದ.

"ಅವತ್ತು ಅಷ್ಟ್ ಜನರ್ ಮುಂದೆ ಹೇಳಿದ್ರಲ್ಲ, ಅನ್ನ ಇದೆ, ಉಣ್ಣೋಕ್ ಬರಲ್ಲ ಅಂತ. ಇವತ್ತು ನನ್ ಬಾಗ್ಲಲ್ಲಿ ನನ್ನೊಬ್ಬನ ಕಿವೀಲಿ ಹೇಳ್ತಿದೀರ. ನಂಗೆ ಗೊತ್ತಿಲ್ದೇ ಇರೋದೇನಿದೆ ಇದ್ರಲ್ಲಿ? ಹೋಗಿ ಅಲ್ಲಿ ಹೇಳಿ. ಅದೇ ರೂಮು, ಅದೇ ಜನ."

ಬಾಗಿಲು ಹಾಕಿಕೊಂಡ. ಲಿಫ್ಟಿಗೆ ಕಾಯದೆ ಒಂಬತ್ತು ಮಹಡಿ ಮೆಟ್ಟಿಲಿಳಿದೆ. ಒಂದೊಂದು ಮಹಡಿಗೂ ಅವನಿಗೊಂದು ಬೈಗುಳ. ಕೊನೆಯ ಎರಡು ಮಹಡಿ ಬೈಗುಳವೇ ಹೊಳೆಯಲಿಲ್ಲ.

ಸೋಮವಾರ ಬೆಳಿಗ್ಗೆ ಮೇಲಧಿಕಾರಿಗಳ ಹತ್ತಿರ ಹೋಗಿ, ಅವತ್ತಿನ ಸಭೆಗೆ ಬಂದಿದ್ದವರನ್ನೆಲ್ಲ ಕರೆಸಿ ಎಂದೆ. ವಿಷಯ ಕೇಳಿ ಅವರು ಮೆಲ್ಲಗೆ ಕೇಬಿನ್ನಿನ ಬಾಗಿಲು ಮುಂದಕ್ಕೆ ಹಾಕಿದರು.

"ಮೇಡಂ, ಮುಗಿದ್ ಹೋದ್ ವಿಷ್ಯ. ಆ ಪೋಸ್ಟಿಗೆ ಬೇರೆಯವ್ರು ಬಂದಾಯ್ತು. ಈಗ್ ಎತ್ತಿದ್ರೆ ನಿಮ್ಗೂ ಕಷ್ಟ, ನಂಗೂ ಕಷ್ಟ."

"ಕರೆಸ್ತೀರೋ, ನಾನೇ ಎಲ್ರಿಗೂ ಮೇಲ್ ಹಾಕ್ಲೋ?"

ಕರೆಸಿದರು. ಅದೇ ಉದ್ದನೆಯ ಮೇಜು. ಹಳೆಯ ಚಿತ್ರವನ್ನೇ ಮತ್ತೆ ಪರದೆಯ ಮೇಲೆ ಹಾಕಿದೆ. ಪಕ್ಕದಲ್ಲಿ ಸೀರೆ ಉಟ್ಟು ನಗುತ್ತಿರುವ ನನ್ನ ಫೋಟೋ. ಬೋರ್ಡಿನ ಅಕ್ಷರಗಳನ್ನು ದೊಡ್ಡದು ಮಾಡಿ ತೋರಿಸಿದೆ. ಅವನು ನನ್ನನ್ನು ಕೇಳಿದ್ದು, ನಾನು ಗದರಿದ್ದು, ಐದು ಎಂದು ಬರೆದದ್ದು ಸಿಟ್ಟಿಗೆ ಎಂಬುದು, ಯಾವುದನ್ನೂ ಬಿಡಲಿಲ್ಲ. ಈ ಸಲ ಯಾರೂ ನಗಲಿಲ್ಲ. ಒಬ್ಬರು ನೀರಿನ ಬಾಟಲಿಯ ಮುಚ್ಚಳ ತಿರುಗಿಸುತ್ತಾ ಕೂತರು. ಅವನನ್ನು ವಾಪಸು ಕರೆಯುವ ಮಾತು ಯಾರ ಬಾಯಿಂದಲೂ ಬರಲಿಲ್ಲ. ನನಗೆ ಎಚ್ಚರಿಕೆಯ ಪತ್ರ ಕೊಡುವುದಾಗಿ ಮೇಲಧಿಕಾರಿಗಳು ಹೇಳಿದರು, ಆಮೇಲೆ ಮುಂದಿನ ವಿಷಯಕ್ಕೆ ಹೋದರು. ನಾನು ಸೋತುಹೋಗಿದ್ದೆ, ಆದರೂ ಕೊಡಬೇಕಾದದ್ದನ್ನು ಕೊಟ್ಟುಬಿಟ್ಟೆ ಎಂಬ ಒಂದು ಬಿಗುಮಾನವೂ ಇತ್ತು. ಆ ಬಿಗುಮಾನದಲ್ಲೇ ಮೆಟ್ಟಿಲ ಹತ್ತಿರ ನಿಂತು ಅವನಿಗೆ ಫೋನ್ ಮಾಡಿದೆ.

"ಹೇಳಿದೆ," ಎಂದೆ. "ಅದೇ ರೂಮಲ್ಲಿ. ಎಲ್ರ ಮುಂದೆ."

"ಎಲ್ರೂ ಇದ್ರಾ?"

"ಎಲ್ರೂ ಇದ್ರು. ಹತ್ತು ಜನ."

ಅವನ ಹಿಂದೆ ಎಲ್ಲೋ ಕುಕ್ಕರ್ ಕೂಗಿತು.

"ಅವತ್ತು ಹನ್ನೊಂದು ಜನ ಇದ್ವಿ ಮೇಡಂ," ಎಂದು ಫೋನ್ ಇಟ್ಟ.

ನಾನು ಮತ್ತೆ ಆ ಕೋಣೆಗೆ ಹೋಗಿ ನೋಡಿದೆ. ಎಲ್ಲರೂ ಎದ್ದು ಹೋಗಿದ್ದರು, ಕುರ್ಚಿಗಳನ್ನು ಹಿಂದಕ್ಕೆ ತಳ್ಳಿದಂತೆಯೇ ಬಿಟ್ಟಿದ್ದರು. ಅವತ್ತು ಅವನು ಕೂತಿದ್ದ, ನನ್ನ ಎದುರಿನ ಕುರ್ಚಿ ಮಾತ್ರ ಮೇಜಿಗೆ ಒತ್ತಿಕೊಂಡೇ ಇತ್ತು. ಅರ್ಧ ಗಂಟೆ ಅದರ ಮುಂದೆಯೇ ನಿಂತು ಮಾತಾಡಿದ್ದೆ, ಅದು ಖಾಲಿ ಇದೆ ಎಂಬುದು ನನ್ನ ಕಣ್ಣಿಗೆ ಬಿದ್ದಿರಲಿಲ್ಲ.